ಅಕ್ಕನೊಡನೆ ನಲ್ಲೂರಿನ ಹುಣಸೆ ತೋಪಿಗೆ

ಗಡಿಯ ಆಚೆ

ಕಾಸರಗೋಡಿನ ಕನ್ನಡದವರಿಗೆ ಕರ್ನಾಟಕವೂ ಒಂದು ಹೊರದೇಶವೇ. ಅಲ್ಲಿನ ನದಿಗಳ ಹೆಸರನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿರುತ್ತೇವೆ, ಅಲ್ಲಿನ ರಾಜರಿಗಾಗಿ ಹೆಮ್ಮೆಪಟ್ಟಿರುತ್ತೇವೆ. ಆದರೆ ತಲಪಾಡಿಯ ಗಡಿ ದಾಟಿದ ಕೂಡಲೇ ನಾವು ಬೇರೆ ಕಡೆಯವರು. ನಾನು ಬಾಯಿ ತೆರೆದರೆ ಬೆಂಗಳೂರಿನ ಆಟೊದವರು "ಮಂಗ್ಳೂರಾ ಮೇಡಂ?" ಎನ್ನುತ್ತಾರೆ. ಅಲ್ಲ, ಅದಕ್ಕಿಂತ ಇನ್ನೂ ಕೆಳಗೆ ಎಂದರೆ "ಓ, ಕೇರಳಾ" ಎಂದು ಮಾತು ಮುಗಿಸುತ್ತಾರೆ.

ನನಗೆ ನಡೆಯುವ ಹುಚ್ಚು. ಅಂಚೆ ಕಚೇರಿಯ ಕೆಲಸದಿಂದ ನಿವೃತ್ತಳಾದ ಮೇಲೆ ಹಳೆಯ ಬನಗಳನ್ನು, ಕೋಟೆಗಳನ್ನು ಹುಡುಕಿಕೊಂಡು ಹೋಗುವುದು, ಬಂದು ನಮ್ಮೂರಿನ ಗ್ರಂಥಾಲಯದ ಗೆಳತಿಯರಿಗೆ ಹೇಳುವುದು ಒಂದು ಅಭ್ಯಾಸವಾಗಿದೆ. ದೇವನಹಳ್ಳಿಯ ಹತ್ತಿರದ ನಲ್ಲೂರಿನಲ್ಲಿ ಚೋಳರ ಕಾಲದ್ದೆಂದು ಹೇಳುವ ಹುಣಸೆ ತೋಪೊಂದು ಇದೆ, ಮರಗಳ ನಡುವೆ ಹಾಳು ಗುಡಿಯಿದೆ ಎಂದು ಕೇಳಿ ಬಹಳ ದಿನಗಳಾಗಿದ್ದವು. ಈ ನವೆಂಬರಿನಲ್ಲಿ ಹೊರಡುವುದೆಂದು ನಿಶ್ಚಯಿಸಿದಾಗ ಲಲಿತಕ್ಕ "ನಾನೂ ಬರ್ತೇನೆ" ಎಂದಳು.

ಲಲಿತಕ್ಕ ನನ್ನ ದೊಡ್ಡಕ್ಕ. ಎಪ್ಪತ್ತರ ಹತ್ತಿರ ಬಂದವಳು. ಮಂಡಿನೋವು. ಮನೆಯಿಂದ ಭಜನಾ ಮಂದಿರಕ್ಕೆ ನಡೆಯಲೂ ಎರಡು ಕಡೆ ಕೂರುವವಳು. ಭಾವ ತೀರಿಕೊಂಡು ವರ್ಷ ತುಂಬಿತ್ತು. ಅವಳ ಮನಸ್ಸಿಗೂ ಬದಲಾವಣೆ ಬೇಕಿರಬಹುದು ಎಂದುಕೊಂಡೆ. ಭಾವ ಮದುವೆಯಾದ ಹೊಸದರಲ್ಲಿ ದೇವನಹಳ್ಳಿ ಕಡೆಯ ಹಳ್ಳಿಯೊಂದರಲ್ಲಿ ಮೇಷ್ಟ್ರಾಗಿದ್ದರು. ಅಕ್ಕ ನಾಲ್ಕು ವರ್ಷ ಅಲ್ಲೇ ಸಂಸಾರ ಮಾಡಿದ್ದಳು. ಅವರಿಗೊಂದು ಹೆಣ್ಣುಮಗು ಅಲ್ಲೇ ಹುಟ್ಟಿ, ಗೋಡೆ ಹಿಡಿದು ನಿಲ್ಲುವಷ್ಟಾಗಿ, ಜ್ವರದಲ್ಲಿ ಹೋಯಿತು. ನಾನಾಗ ಪ್ರೈಮರಿ ಶಾಲೆಯಲ್ಲಿದ್ದೆ. ಅಕ್ಕ ಕೆಲವು ದಿನಕ್ಕೆ ಊರಿಗೆ ಬಂದದ್ದು, ಮಗುವಿಗೆಂದು ಇಳಿಸಿಟ್ಟಿದ್ದ ತೊಟ್ಟಿಲನ್ನು ಅಮ್ಮ ಮತ್ತೆ ಅಟ್ಟಕ್ಕೆ ಹಾಕಿಸಿದ್ದು ನೆನಪಿದೆ. ಆಮೇಲೆ ಅವಳಿಗೆ ಮಕ್ಕಳಾಗಲಿಲ್ಲ. ಆ ಮಗುವಿನ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ರೇವತಿ ಎಂದಿತ್ತು.

ಆವತಿ, ಇಳಿಯಬಾರದಿದ್ದ ಊರು

ಬೆಂಗಳೂರಿನಲ್ಲಿ ಬೆಳಿಗ್ಗೆ ಇಳಿದಾಗ ಎಲ್ಲೋ ಬಂಗಾಳ ಕೊಲ್ಲಿಯಲ್ಲಿ ಎದ್ದ ಚಂಡಮಾರುತದ ಮೋಡ ಇಲ್ಲಿಯವರೆಗೂ ಹಾಸಿಕೊಂಡಿತ್ತು. ನಮ್ಮೂರಿನ ಮಳೆ ಸದ್ದು ಮಾಡಿಕೊಂಡು ಬಂದು, ಹೊಡೆದು ಹೋಗುತ್ತದೆ. ಇಲ್ಲಿಯದು ಹಾಗಲ್ಲ. ಬಂತೋ ಇಲ್ಲವೋ ಎಂದು ಗೊತ್ತಾಗದ ತುಂತುರು. ಮೈ ನೆನೆಯುವುದಿಲ್ಲ, ಆದರೆ ಎಲುಬಿನೊಳಗೆ ಚಳಿ ಇಳಿಯುತ್ತದೆ. ಜನರೆಲ್ಲ ಕಿವಿಗೆ ಟೋಪಿ ಎಳೆದುಕೊಂಡು, ಒಬ್ಬರ ಮುಖ ಒಬ್ಬರು ನೋಡದೆ ನಿಂತಿದ್ದರು.

ಚಿಕ್ಕಬಳ್ಳಾಪುರದ ಬಸ್ಸು ಹತ್ತಿದೆವು. ದೇವನಹಳ್ಳಿಯಲ್ಲಿ ಇಳಿಯಬೇಕಿತ್ತು. ಇಬ್ಬರಿಗೂ ನಿದ್ದೆ ಹತ್ತಿಬಿಟ್ಟಿತು. ಎಚ್ಚರವಾದಾಗ ಕಿಟಕಿಯ ಹೊರಗೆ ಬಂಡೆಗುಡ್ಡ.

"ಕಂಡಕ್ಟರೇ, ದೇವನಹಳ್ಳಿ ಬಂತಾ?" ಎಂದು ಕೇಳಿದೆ.

"ಅಯ್ಯೋ, ಹೋಯ್ತಲ್ಲಮ್ಮಾ. ಬಾಯ್ ಬಡ್ಕೊಂಡೆ, ಯಾರೂ ಏಳ್ಲಿಲ್ಲ. ಇದು ಆವತಿ. ಇಳೀರಿ ಬೇಗ."

ಆವತಿಯ ಬಸ್‌ಸ್ಟಾಪಿನ ಎದುರು ಒಂದು ಹೋಟೆಲು. ಹೋಟೆಲೆಂದರೆ ಒಲೆ, ಬೆಂಚು, ತಗಡು. ಅಕ್ಕ ಬೆಂಚಿನ ಮೇಲೆ ಕುಳಿತು ಮಂಡಿ ತಿಕ್ಕಿಕೊಂಡಳು. ಎದುರಿನ ಗುಡ್ಡದ ತಲೆ ಮೋಡದೊಳಗಿತ್ತು. ಮೇಲೊಂದು ದೇವಸ್ಥಾನವಿದೆಯಂತೆ. ಮೋಡವಿಲ್ಲದಿದ್ದರೆ ಕಾಣುತ್ತಿತ್ತಂತೆ. ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು, ಪಟ್ಟಣದಲ್ಲಿ ಯಾವುದೋ ಕಾರ್ಖಾನೆಯಲ್ಲಿ ಕೆಲಸ ಮಾಡಿ ಈಗ ಊರಿಗೆ ಮರಳಿದವರು, ನಮಗೆ ಊರಿನ ಕತೆ ಹೇಳಿದರು. ಕಂಚಿಯ ಕಡೆಯಿಂದ ಅಣ್ಣತಮ್ಮಂದಿರು ಗಾಡಿ ಕಟ್ಟಿಕೊಂಡು ಬಂದು ಈ ಗುಡ್ಡದ ಬುಡದಲ್ಲಿ ನಿಂತರಂತೆ. ಅವರ ವಂಶದವರೇ ಮುಂದೆ ದೇವನಹಳ್ಳಿ, ಬೆಂಗಳೂರು ಎಲ್ಲ ಕಟ್ಟಿದ್ದಂತೆ.

"ಅಷ್ಟು ದೂರದಿಂದ ಯಾಕೆ ಬಂದದ್ದು?" ಅಕ್ಕ ಕೇಳಿದಳು. ಬೆಳಗಿನಿಂದ ಅವಳು ಆಡಿದ ಮೊದಲ ಮಾತು.

"ಮಗಳಿಗೋಸ್ಕರ ಕಣಮ್ಮ. ಅಲ್ಲಿಯ ದೊರೆ ಯಾವನೋ ಹುಡುಗೀನ ಕೊಡಿ ಅಂತ ಹಟ ಹಿಡ್ದ. ಇವ್ರು ಒಪ್ಲಿಲ್ಲ. ರಾತ್ರೋರಾತ್ರಿ ಮನೆ ಮಠ ಬಿಟ್ಟು ಹೊಂಟ್ಬಿಟ್ರು. ಹೊಳೆ ಅಡ್ಡ ಬಂತಂತೆ, ಆ ಹೊಳೇನೂ ದಾರಿ ಬಿಡ್ತಂತೆ. ಮಗಳನ್ನ ಉಳಿಸ್ಕೊಂಡ್ರು."

ಅವರು ಎದ್ದು ಹೋದ ಮೇಲೂ ಅಕ್ಕ ಲೋಟ ಹಿಡಿದುಕೊಂಡೇ ಕುಳಿತಿದ್ದಳು. ಚಹಾ ಆರಿ ಕೆನೆ ಕಟ್ಟಿತ್ತು.

"ಸುಮಾ, ನಾನು ನಿನ್ನ ತೋಪು ನೋಡ್ಲಿಕ್ಕೆ ಬಂದದ್ದಲ್ಲ" ಎಂದಳು. "ಮಗು ಉಂಟು ಅಲ್ಲಿ."

ಭಾವ ಮೇಷ್ಟ್ರಾಗಿದ್ದ ಹಳ್ಳಿ ನಲ್ಲೂರೇ ಎಂದು ನನಗೆ ಆಗಲೇ ಗೊತ್ತಾದದ್ದು. ಅವಳೇ ಹೇಳಿದಳು. ಮಗು ಹೋದಾಗ ಗಂಡಸರು ಬಂದು ಎತ್ತಿಕೊಂಡು ಹೋದರು. ಹೆಂಗಸರು ಹೋಗುವ ಪದ್ಧತಿ ಇರಲಿಲ್ಲ. ಅವಳನ್ನು ಒಳಗೆ ಹಿಡಿದು ಕೂರಿಸಿದ್ದರು. ಕೆಲವು ದಿನ ಕಳೆದು "ಎಲ್ಲಿ ಇಟ್ಟಿರಿ?" ಎಂದು ಕೇಳಿದಾಗ ಭಾವ ಅವಳನ್ನು ಹಿತ್ತಿಲ ಬಾಗಿಲಿಗೆ ಕರೆದುಕೊಂಡು ಹೋಗಿ ದೂರದ ತೋಪನ್ನು ತೋರಿಸಿದರಂತೆ. ಗುಡಿಯ ಹಿಂದೆ ಜೋಡಿ ಕಾಂಡದ ಹುಣಸೆ ಮರ, ಅದರ ಬುಡದಲ್ಲಿ.

"ಆಮೇಲೆ ಹೋಗಲಿಲ್ಲವಾ?"

"ನಾಲ್ಕು ಸಲ ಕೇಳಿದೆ. ಅವರು ಬೇಡ ಅಂದ್ರು. ಹೋದ್ರೆ ನೀನು ಅಲ್ಲೇ ಕೂತುಬಿಡ್ತಿ ಅಂದ್ರು. ಮತ್ತೆ ವರ್ಗ ಆಯಿತು." ಲೋಟವನ್ನು ಬೆಂಚಿನ ಮೇಲಿಟ್ಟು, "ಈಗ ಅವರೂ ಹೋದ್ರು. ಅವಳು ಇದ್ದಳು ಅಂತ ಗೊತ್ತಿರುವವಳು ನಾನೊಬ್ಬಳೇ. ನಾನೂ ಹೋದ್ರೆ ಮುಗೀತಲ್ಲ" ಎಂದಳು.

ನನಗೂ ಗೊತ್ತುಂಟು ಎನ್ನಲು ಹೊರಟಿದ್ದೆ. ಆದರೆ ನಾನು ಆ ಮಗುವನ್ನು ನೋಡಿಯೇ ಇರಲಿಲ್ಲ.

ತೋಪಿನ ಬಾಗಿಲು

ದೇವನಹಳ್ಳಿಗೆ ಹಿಂದಿರುಗಿ ಆಟೊ ಹಿಡಿದೆವು. ಆಟೊದವನ ಹೆಸರು ಮುನಿರಾಜು. ಮೂವತ್ತರ ಆಸುಪಾಸಿನವನು, ಕುತ್ತಿಗೆಗೆ ಮಫ್ಲರು ಸುತ್ತಿದ್ದ, ಬಾಯಿ ಮುಚ್ಚುತ್ತಿರಲಿಲ್ಲ.

"ತೋಪಿಗಾ? ಮಳೇಲಿ ಏನಿದೆ ಮೇಡಂ ಅಲ್ಲಿ? ಸಂಡೇ ಆದ್ರೆ ಸೈಕಲ್ ಹೊಡ್ಕೊಂಡು ಸಿಟಿಯವ್ರು ಬರ್ತಾರೆ. ಆಮೇಲೆ ಈ ಫೋಟೋ ಶೂಟ್‌ನೋರು. ಮರ ನೋಡೋಕಂತ ಬಂದಿರೋರು ನೀವೇ ಫಸ್ಟು ನನ್ನ ಗಾಡೀಲಿ."

ರಸ್ತೆಯ ಎರಡೂ ಕಡೆ ದ್ರಾಕ್ಷಿ ಚಪ್ಪರ, ರಾಗಿ ಹೊಲ, ಮಧ್ಯೆ ಮಧ್ಯೆ ಬಣ್ಣದ ಕಮಾನು ಹಾಕಿದ ಖಾಲಿ ಲೇಔಟುಗಳು. ಮೋಡದೊಳಗಿಂದ ವಿಮಾನಗಳು ಒಂದರ ಹಿಂದೆ ಒಂದು ಇಳಿಯುತ್ತಿದ್ದವು. ಕಾಣುತ್ತಿರಲಿಲ್ಲ, ತಲೆಯ ಮೇಲೆ ಗುಡುಗಿನಂತೆ ಕೇಳುತ್ತಿತ್ತು. ಕಟಾವಿಗೆ ಬಂದ ರಾಗಿ ನೆನೆದು ಮಲಗಿತ್ತು.

ತೋಪಿನ ಬಾಗಿಲಲ್ಲಿ ಬೋರ್ಡು ಇತ್ತು. ಇದು ದೇಶದಲ್ಲೇ ಮೊದಲನೆಯ ಜೀವವೈವಿಧ್ಯ ಪಾರಂಪರಿಕ ತಾಣ ಎಂಬ ಬರಹದ ಮೇಲೆ ಯಾರೋ ತಮ್ಮ ಹೆಸರನ್ನೂ ಹುಡುಗಿಯ ಹೆಸರನ್ನೂ ಗೀಚಿದ್ದರು. ಒಳಗೆ ಕಾಲಿಟ್ಟ ಮೇಲೆ ನಾನು ಒಂದು ಗಳಿಗೆ ಅಕ್ಕನನ್ನು ಮರೆತೆ ಎಂದೇ ಹೇಳಬೇಕು.

ನಮ್ಮ ಊರ ಬನಗಳಲ್ಲಿ ಮರಗಳು ಬೆಳಕಿಗಾಗಿ ಜಗಳವಾಡುತ್ತಾ ಮೇಲಕ್ಕೆ ಹೋಗುತ್ತವೆ. ಇಲ್ಲಿ ಒಂದೊಂದು ಮರವೂ ತನ್ನಷ್ಟಕ್ಕೆ ದೂರದೂರ ನಿಂತು, ಮೈಯೆಲ್ಲ ತಿರುಚಿಕೊಂಡು, ಹಿಂಡಿದ ಒದ್ದೆ ಬಟ್ಟೆಯಂತೆ ಕಾಣುತ್ತಿತ್ತು. ಕೆಲವು ಮರಗಳ ಹೊಟ್ಟೆ ಪೂರಾ ಪೊಳ್ಳು. ಒಳಗೆ ಇಬ್ಬರು ನಿಲ್ಲಬಹುದು, ಆದರೂ ತಲೆಯ ಮೇಲೆ ಹಸಿರು ಎಲೆ. ಭಾರಕ್ಕೆ ಮುರಿದುಬಿದ್ದ ಕೊಂಬೆ ನೆಲ ಮುಟ್ಟಿದಲ್ಲಿಯೇ ಬೇರು ಬಿಟ್ಟು ಮತ್ತೊಂದು ಮರವಾಗಿ ಎದ್ದಿತ್ತು. ಯಾವುದು ತಾಯಿ, ಯಾವುದು ಮಗು ಎಂದು ಹೇಳುವಂತಿರಲಿಲ್ಲ. ನೆಲದ ತುಂಬ ಸಣ್ಣ ಸಣ್ಣ ಹಳದಿ ಎಲೆ, ನಡೆದರೆ ಸದ್ದಿಲ್ಲ. ಒಂದು ಪೊಟರೆಯಿಂದ ಹಾಲಕ್ಕಿ ಎಂಬ ಸಣ್ಣ ಗೂಬೆಯೊಂದು ತಲೆ ಹೊರಹಾಕಿ ನಮ್ಮನ್ನು ನೋಡಿ ಒಳಗೆ ಎಳೆದುಕೊಂಡಿತು.

ಇಲ್ಲಿಯವರದೊಂದು ಅಭ್ಯಾಸ ಗಮನಿಸಿದೆ. ತೋಪಿನ ಮೂಲಕ ಹಾದುಹೋಗುವ ಹೆಂಗಸರು ಮಾತನಾಡುತ್ತಾ ಬಂದವರು ಗುಡಿಯ ಎದುರು ಬಂದಾಗ ಮಾತು ನಿಲ್ಲಿಸುತ್ತಾರೆ. ಕೈಮುಗಿಯುವುದಿಲ್ಲ, ನಿಲ್ಲುವುದೂ ಇಲ್ಲ. ದಾಟಿದ ಮೇಲೆ ಬಿಟ್ಟಲ್ಲಿಂದಲೇ ಮಾತು ಮುಂದುವರಿಸುತ್ತಾರೆ. ಗುಡಿಯಲ್ಲಿ ದೇವರಿಲ್ಲ. ಕಂಬಗಳು ಅಡ್ಡಬಿದ್ದಿವೆ, ಚಾವಣಿಯ ಕಲ್ಲುಗಳ ಸಂದಿನಲ್ಲಿ ಗಿಡ ಎದ್ದಿದೆ. ಗೋಡೆಯ ಅಡಿಯ ಪಟ್ಟಿಯಲ್ಲಿ ಆನೆಗಳ ಸಾಲೊಂದು ಸವೆದು ಉಂಡೆಗಳಾಗಿ ಉಳಿದಿದೆ. ನಾನು ಆ ಆನೆಗಳ ಚಿತ್ರ ತೆಗೆಯುತ್ತಿದ್ದಾಗ ಹಿಂದಿನಿಂದ ಯಾರೋ ಕೂಗಿದರು.

"ಆಂಟೀ, ಸ್ವಲ್ಪ ಸೈಡಿಗೆ ಬರ್ತೀರಾ? ಫ್ರೇಮಲ್ಲಿ ಬರ್ತಿದ್ದೀರಾ."

ಮದುವೆಗೆ ಮುಂಚಿನ ಫೋಟೊ ತೆಗೆಸಿಕೊಳ್ಳಲು ಬಂದವರು. ಹುಡುಗಿ ತೋಳಿಲ್ಲದ ಕೆಂಪು ಗೌನು ತೊಟ್ಟು ಆ ತುಂತುರಿನಲ್ಲಿ ಗಡಗಡ ನಡುಗುತ್ತಿದ್ದಳು. ಫೋಟೊದವನು "ನಗ್ರೀ, ನಗ್ರೀ" ಎನ್ನುತ್ತಿದ್ದ. ಅವಳ ತುಟಿ ನೀಲಿಯಾಗಿತ್ತು. ಅಕ್ಕ ನೇರವಾಗಿ ಫ್ರೇಮಿನೊಳಕ್ಕೇ ನಡೆದು ತನ್ನ ಶಾಲನ್ನು ಅವಳಿಗೆ ಹೊದಿಸಿ, "ಮೊದಲು ಬಿಸಿಯಾಗು ಮಗಾ, ಆಮೇಲೆ ನಗು" ಎಂದಳು. ಫೋಟೊದವನು ಕ್ಯಾಮೆರಾ ಇಳಿಸಿದ. ಹುಡುಗಿ ನಿಜವಾಗಿಯೂ ನಕ್ಕಳು, ಆದರೆ ಆಗ ಯಾರೂ ಚಿತ್ರ ತೆಗೆಯಲಿಲ್ಲ.

ಗುಡಿಯ ಬೆನ್ನಿಗೆ

ಗುಡಿಯ ಹಿಂದೆ ಜೋಡಿ ಕಾಂಡದ ಮರ ಒಂದಲ್ಲ, ಹಲವು ಇದ್ದವು. ಒಂದು ನೆಲದಿಂದಲೇ ಎರಡಾಗಿ ಎದ್ದದ್ದು. ಇನ್ನೊಂದು ಸಿಡಿಲು ಬಡಿದು ಸೀಳಿದಂಥದು. ಮತ್ತೊಂದು ಉರುಳಿ ಬಿದ್ದಿತ್ತು, ಬಿದ್ದ ಬೆನ್ನಿನ ಮೇಲೆ ಎರಡು ಹೊಸ ಕಾಂಡ ನಿಂತಿದ್ದವು. ಅಕ್ಕ ಒಂದೊಂದರ ಹತ್ತಿರವೂ ಹೋದಳು. ಮಂಡಿನೋವಿನವಳು ಕಲ್ಲುಗಳ ಮೇಲೆ ಕೈಯೂರಿ, ಮುಳ್ಳಿನಲ್ಲಿ ಸೀರೆ ಸಿಕ್ಕಿಸಿಕೊಂಡು, ನನ್ನ ಕೈ ಹಿಡಿಯದೆ ಓಡಾಡಿದಳು. ನನ್ನ ಚಪ್ಪಲಿಯ ಉಂಗುಷ್ಟ ಕಿತ್ತುಹೋಗಿ ನಾನು ಒಂದು ಕಾಲಿನಲ್ಲಿ ಕುಂಟುತ್ತಾ ಹಿಂದೆ ಹಿಂದೆ ಹೋಗುತ್ತಿದ್ದೆ.

ಅವಳು ಮರವನ್ನು ಮುಟ್ಟಿ, ಬೆನ್ನು ತಿರುಗಿಸಿ, ಊರಿನ ಕಡೆ ನೋಡುತ್ತಿದ್ದಳು. ಹಿತ್ತಿಲ ಬಾಗಿಲಿನಿಂದ ಮರ ಕಾಣುತ್ತಿದ್ದರೆ ಮರದಿಂದ ಹಿತ್ತಿಲೂ ಕಾಣಬೇಕಲ್ಲ ಎಂಬುದು ಅವಳ ಲೆಕ್ಕ. ಆದರೆ ಊರಿನ ಕಡೆ ಈಗ ಮನೆಗಳ ಮೇಲೆ ಮನೆ, ನೀರಿನ ಟ್ಯಾಂಕು, ಮೊಬೈಲ್ ಗೋಪುರ. ಹಿತ್ತಿಲು ಕಾಣಲಿಲ್ಲ.

ಕೊನೆಗೆ ಉರುಳಿಬಿದ್ದ ಮರದ ಬಳಿ ನಿಂತಳು. "ಇದೇ" ಎಂದಳು. ಯಾಕೆ ಇದೇ ಎಂದು ನಾನು ಕೇಳಲಿಲ್ಲ.

ಬಹಳ ಹೊತ್ತು ಅಲ್ಲಿ ಕುಳಿತಳು. ಅಳಲಿಲ್ಲ. ಬುಡದಲ್ಲಿ ಬೆಳೆದಿದ್ದ ಹುಲ್ಲನ್ನು ಕಿತ್ತು ಸ್ವಚ್ಛ ಮಾಡಿದಳು, ಬಾಟಲಿಯ ನೀರು ಹಾಕಿದಳು, ಮಣ್ಣಿನ ಮೇಲೆ ಅಂಗೈ ಇಟ್ಟು ಏನೋ ಹೇಳಿಕೊಂಡಳು. ತುಳುವಿನಲ್ಲಿ. ನಮ್ಮಮ್ಮ ನಮ್ಮನ್ನು ಮಲಗಿಸುವಾಗ ಹೇಳುತ್ತಿದ್ದ ನಾಲ್ಕು ಮಾತು. ನಾನು ದೂರ ಸರಿದೆ. ಮೇಲೆ ವಿಮಾನವೊಂದು ಕೂಗಿಕೊಂಡು ಇಳಿಯಿತು. ಎಲೆಗಳಲ್ಲಿ ತಂಗಿದ್ದ ನೀರೆಲ್ಲ ಒಟ್ಟಿಗೆ ಉದುರಿ ಇಬ್ಬರನ್ನೂ ನೆನೆಸಿತು.

ಎದ್ದಾಗ ಅವಳ ಮುಖ ಹಗುರಾಗಿತ್ತು. "ಹೋಗುವ" ಎಂದಳು. "ನಾವು ಇದ್ದ ಮನೆ ಉಂಟಾ ನೋಡುವ. ಗೌಡರ ಸೊಸೆ ರತ್ನಮ್ಮ ಅಂತ ಇದ್ದಳು. ನನಗಿಂತ ಸಣ್ಣವಳು. ಇದ್ದರೂ ಇದ್ದಾಳು."

ರತ್ನಮ್ಮನ ಊಟ

ಮನೆ ಇರಲಿಲ್ಲ. ಆ ಜಾಗದಲ್ಲಿ ಮೂರಂತಸ್ತಿನ ಕಟ್ಟಡ, ಪ್ರತಿ ಬಾಲ್ಕನಿಯಲ್ಲೂ ಒಣಗದ ಸಮವಸ್ತ್ರಗಳು. ಬಾಡಿಗೆಗೆ ಇರುವವರೆಲ್ಲ ವಿಮಾನ ನಿಲ್ದಾಣದಲ್ಲೋ ಗೋಡೌನುಗಳಲ್ಲೋ ಕೆಲಸ ಮಾಡುವವರು ಎಂದು ಮುನಿರಾಜು ಹೇಳಿದ. ಆದರೆ ರತ್ನಮ್ಮ ಇದ್ದಳು, ಅದೇ ಕಟ್ಟಡದ ಕೆಳಮನೆಯಲ್ಲಿ, ಮಗ ಸೊಸೆ ಮೊಮ್ಮಕ್ಕಳ ಗದ್ದಲದ ನಡುವೆ. ಬಾಗಿಲಿಗೆ ಬಂದು ಅಕ್ಕನನ್ನು ಮೇಲಿಂದ ಕೆಳಗೆ ನೋಡಿದಳು.

"ಯಾರವ್ವ?"

"ಮಂಗಳೂರು ಮೇಷ್ಟ್ರು ಇದ್ದರಲ್ಲ, ಅವರ ಮನೆಯವಳು."

ರತ್ನಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. "ಲಲಿತಕ್ಕ! ಪುಟ್ಟಿ ತಾಯಿ! ಅಯ್ಯೋ ನನ್ನವ್ವ, ಬಾ ಒಳೀಕೆ."

ಪುಟ್ಟಿ ತಾಯಿ. ಅಕ್ಕನ ಕೈ ನನ್ನ ತೋಳನ್ನು ಬಿಗಿಯಾಗಿ ಹಿಡಿಯಿತು. ಯಾರೂ ಅವಳನ್ನು ಹಾಗೆ ಕರೆದು ಎಷ್ಟು ವರ್ಷವಾಗಿತ್ತೋ.

ಊಟ ಮಾಡದೆ ಬಿಡುವ ಮಾತೇ ಇರಲಿಲ್ಲ. ಬಿಸಿ ಮುದ್ದೆ, ಅವರೆಕಾಳಿನ ಸಾರು. ಮುದ್ದೆ ಅಗಿಯಬಾರದು, ನುಂಗಬೇಕು ಎಂದು ಗೊತ್ತಿಲ್ಲದ ನಾನು ಅಗಿದು ಅಗಿದು ಹಲ್ಲಿಗೆ ಮೆತ್ತಿಸಿಕೊಂಡೆ. ರತ್ನಮ್ಮನ ಮೊಮ್ಮಗಳು ಬಾಯಿ ಮುಚ್ಚಿಕೊಂಡು ನಕ್ಕಳು. ಅಕ್ಕ ಮಾತ್ರ ಊರವಳಂತೆ ತುತ್ತನ್ನು ಸಾರಿನಲ್ಲಿ ಉರುಳಿಸಿ ನುಂಗುತ್ತಿದ್ದಳು. ಅವಳಿಗೆ ಇದು ಬರುತ್ತದೆ ಎಂದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ಪುಟ್ಟಿ ನನ್ ಸೊಂಟದ್ ಮೇಲೇ ಇರ್ತಿತ್ತು" ರತ್ನಮ್ಮ ನನಗೆ ಹೇಳಿದಳು. "ನಂಗಾಗ ಮದ್ವೆಯಾಗಿ ಹೊಸ್ತು. ಅತ್ತೆ ಕಂಡ್ರೆ ಭಯ. ಆ ಮಗೀಗೆ ನನ್ ಕಾಲ್ಗೆಜ್ಜೆ ಅಂದ್ರೆ ಪ್ರಾಣ. ನಾ ಬಂದ್ರೆ ಸದ್ದಿಗೇ ತಿರುಗ್ತಿತ್ತು."

ಅಕ್ಕ ತಟ್ಟೆಯನ್ನೇ ನೋಡುತ್ತಾ ಕೇಳುತ್ತಿದ್ದಳು. ಕೇಳುತ್ತಾ ಕೇಳುತ್ತಾ ಅವಳ ಬೆನ್ನು ನೆಟ್ಟಗಾಯಿತು. ಊಟವಾಗಿ ಕೈತೊಳೆದ ಮೇಲೆ ಅವಳು ರತ್ನಮ್ಮನ ಕೈ ಹಿಡಿದು ಕೇಳಿದಳು.

"ರತ್ನಾ, ನನಗೆ ಇನ್ನು ಬರ್ಲಿಕ್ಕೆ ಆಗ್ತದೋ ಇಲ್ಲವೋ. ವರ್ಷಕ್ಕೆ ಒಂದು ಸಲ ಆ ಮರದ ಬುಡಕ್ಕೆ ಒಂದು ತಂಬಿಗೆ ನೀರು ಹಾಕ್ತೀಯಾ?"

"ಯಾವ್ ಮರ ಅಕ್ಕ?"

"ತೋಪಿನದ್ದು. ಗುಡಿಯ ಹಿಂದಿನದ್ದು. ಮಗುವನ್ನು ಇಟ್ಟದ್ದು."

ರತ್ನಮ್ಮ ನಗುಮುಖದಲ್ಲೇ ಹೇಳಿಬಿಟ್ಟಳು. "ತೋಪಲ್ಲೆಲ್ಲಿ ಅಕ್ಕ? ತೋಪು ದೇವ್ರ ಜಾಗ, ಅಲ್ಲಿ ಮಣ್ ಮಾಡೋ ಪದ್ಧತಿ ಇಲ್ಲ. ಮೇಷ್ಟ್ರು ಮಗೀನ ತೋಳಲ್ಲಿ ಇಟ್ಕಂಡು ಎಲ್ಲಿ ಅಂತ ನಿಂತಿದ್ರು. ನಮ್ ಮಾವ್ನೋರೇ ಅಂದ್ರು, ನಮ್ ಹೊಲದ್ ಬದೀಲಿ ಹೊಂಗೆ ಮರದ್ ಕೆಳಗೆ ಮಾಡಿ ಅಂತ. ಅವ್ರೇ ಗುಂಡಿ ತೆಗ್ದಿದ್ದು..."

ಅಲ್ಲಿಗೆ ಅವಳಿಗೆ ಅಕ್ಕನ ಮುಖ ಕಂಡಿತು. ಒಳಗೆ ಕುಕ್ಕರಿನ ಸೀಟಿ ಒಂದು ಕೂಗಿತು.

"ನಿಂಗೆ ಗೊತ್ತಿರ್ಲಿಲ್ವಾ ಅಕ್ಕ?"

ನಾನು ಅಕ್ಕನ ಭುಜ ಮುಟ್ಟಿದೆ. ತೆಗೆ ಎಂಬಂತೆ ಅಲುಗಿದಳು.

"ಎರಡು ವರ್ಷ ಹಿತ್ತಿಲಲ್ಲಿ ನಿಂತು ಆ ಮರ ನೋಡಿದ್ದೆ" ಎಂದಳು, ಯಾರಿಗೂ ಅಲ್ಲ. "ಸಂಜೆ ದೀಪ ಇಟ್ಟು ಬಂದು ನೋಡ್ತಿದ್ದೆ."

"ನಿಂಗೆ ಕಾಣ್ಲಿ ಅಂತ ಹೇಳಿರ್ಬೇಕು ಮೇಷ್ಟ್ರು" ರತ್ನಮ್ಮ ತಗ್ಗಿದ ದನಿಯಲ್ಲಿ ಹೇಳಿದಳು. "ಹೊಲ ನಿಮ್ ಹಿತ್ಲಿಂದ ಕಾಣ್ತಿರ್ಲಿಲ್ಲ. ಇಸ್ಕೂಲ್ ದಾರೀಲಿತ್ತು."

ಶಾಲೆಯ ದಾರಿ. ಅಕ್ಕ ತಲೆ ಎತ್ತಿದಳು. ಭಾವ ದಿನಾ ಬೆಳಿಗ್ಗೆ ಗಂಟೆ ಹೊಡೆಯುವುದಕ್ಕೆ ಬಹಳ ಮುಂಚೆಯೇ ಹೊರಡುತ್ತಿದ್ದರು, ಸಂಜೆ ತಡಮಾಡಿ ಬರುತ್ತಿದ್ದರು, ಆಗ ಅದಕ್ಕೆ ತನಗೆ ಸಿಟ್ಟು ಬರುತ್ತಿತ್ತು ಎಂದು ಅವಳು ನನಗೆ ಆಮೇಲೆ ಹೇಳಿದಳು. ರತ್ನಮ್ಮನ ಎದುರು ಕೇಳಿದ್ದು ಒಂದೇ.

"ಎಲ್ಲಿ ಆ ಹೊಲ?"

ರತ್ನಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಹೊಲ ಎಲ್ಲೈತಕ್ಕ ಈಗ. ಏರ್‌ಪೋರ್ಟ್ ಬಂದ್ಮೇಲೆ ಎಲ್ರೂ ಕೊಟ್ರು, ನಮ್ಮೋರೂ ಕೊಟ್ರು. ಗೋಡೌನ್ ಆಗೋಯ್ತು. ಜೆಸಿಬಿ ತಂದು ಹೊಂಗೆ ಮರ ಕೀಳೋವಾಗ ನಂಗೆ ಪುಟ್ಟಿ ನೆನಪಾಯ್ತು ಕಣಕ್ಕ. ಬಾಯಿ ಬಿಡೋಕ್ ಆಗ್ಲಿಲ್ಲ. ಯಾರಿಗಂತ ಹೇಳ್ಲಿ?"

ಇಬ್ಬರೂ ಕೈ ಕೈ ಹಿಡಿದುಕೊಂಡು ಕುಳಿತೇ ಇದ್ದರು. ಈಗ ಅಕ್ಕ ಅತ್ತಳು. ಸದ್ದಿಲ್ಲದೆ, ಬಾಯಿ ತೆರೆದುಕೊಂಡು, ಉಸಿರು ಸಿಗದ ಮಗುವಿನಂತೆ. ರತ್ನಮ್ಮನೂ ಅತ್ತಳು. ಸೊಸೆ ಬಾಗಿಲಿಗೆ ಬಂದು ನೋಡಿ, ಟಿವಿ ಆರಿಸಿ, ಮಕ್ಕಳನ್ನು ಕರೆದುಕೊಂಡು ಒಳಗೆ ಹೋದಳು.

"ತೋಪಿಗೇ ಇನ್ನೊಂದ್ಸಲ ಹೋಗಿ ಬಸ್ ಹತ್ತುವ ಅಕ್ಕಾ" ನಾನು ಹೇಳಿದೆ. ಇಷ್ಟು ವರ್ಷ ಅವಳು ಮನಸ್ಸಿನಲ್ಲಿ ನೋಡಿಕೊಂಡು ಬಂದ ಮರವದು. ಅದನ್ನೇ ಅವಳಿಗೆ ಉಳಿಸಿಕೊಡಬೇಕು ಎಂದು ನನಗೆ ಅನ್ನಿಸಿತ್ತು.

"ಬೇಡ" ಎಂದಳು ಅಕ್ಕ. ಮುಖ ಒರೆಸಿಕೊಂಡು ಎದ್ದಳು. "ಅವಳು ಇರುವಲ್ಲಿಗೆ ಹೋಗುವ."

ನೀಲಿ ಗೇಟು

ಮುನಿರಾಜುವಿನ ಬಾಯಿ ಆ ಹೊತ್ತಿಗೆ ಮುಚ್ಚಿತ್ತು. ವಿಷಯ ಅವನಿಗೆ ಅರ್ಥವಾಗಿತ್ತು. ರತ್ನಮ್ಮನೂ ಆಟೊ ಹತ್ತಿದಳು. ಹೊಲದ ದಾರಿ ಈಗ ಡಾಂಬರಾಗಿ, ಲಾರಿಗಳ ಚಕ್ರಕ್ಕೆ ಮತ್ತೆ ಕೆಸರಾಗಿತ್ತು. ನೀಲಿ ತಗಡಿನ ಶೆಡ್ಡುಗಳು ಒಂದಕ್ಕೊಂದು ತಾಗಿಕೊಂಡು ದೂರದವರೆಗೆ ಹೋಗಿದ್ದವು. ಎಲ್ಲವೂ ಒಂದೇ ಥರ.

ಒಂದು ಗೇಟಿನ ಮುಂದೆ ರತ್ನಮ್ಮ ಆಟೊ ನಿಲ್ಲಿಸಿದಳು. "ಬಾವಿ ಇದ್ದಿದ್ದು ಅಲ್ಲಿ. ಬಾವಿಯಿಂದ ಈ ಕಡೀಗೆ ಬದ. ಹಂಗಾದ್ರೆ ಇದ್ರೊಳಗೇ" ಎಂದಳು. ಅವಳ ಕೈ ತೋರಿಸಿದಲ್ಲಿ ಸಿಮೆಂಟಿನ ಅಂಗಳ, ಹಿಂದಕ್ಕೆ ಬರುತ್ತಾ ಪೀ ಪೀ ಎನ್ನುವ ಲಾರಿ, ಅದರಾಚೆ ತಗಡಿನ ಗೋಡೆ. ರತ್ನಮ್ಮ ಆಟೊದಿಂದ ಇಳಿಯಲಿಲ್ಲ. ತನಗೆ ಆಗುವುದಿಲ್ಲ ಎಂದಳು.

ಗೇಟಿನಲ್ಲಿ ವಯಸ್ಸಾದ ಸೆಕ್ಯೂರಿಟಿಯವನು ಪ್ಲಾಸ್ಟಿಕ್ ಹೊದ್ದು ನಿಂತಿದ್ದ. ಗೌರಿಬಿದನೂರಿನ ಕಡೆಯವನಿರಬೇಕು, ಮಾತಿನಲ್ಲಿ ತೆಲುಗಿನ ರಾಗವಿತ್ತು.

"ಯಾರ್ ಬೇಕಮ್ಮಾ?"

ನಾನು ಏನು ಹೇಳಲಿ ಎಂದು ಯೋಚಿಸುವಷ್ಟರಲ್ಲಿ ಅಕ್ಕ ಹೇಳಿದಳು. "ನನ್ನ ಮಗಳು ಒಳಗಿದ್ದಾಳೆ."

"ಪ್ಯಾಕಿಂಗಾ, ಲೋಡಿಂಗಾ?"

ಅಕ್ಕ ಅವನನ್ನೇ ನೋಡಿದಳು.

"ಪ್ಯಾಕಿಂಗೇ ಇರ್ಬೇಕು, ಹೆಣ್ಮಕ್ಳೆಲ್ಲ ಅಲ್ಲೇ" ಎಂದು ಅವನೇ ಹೇಳಿಕೊಂಡ. "ಒಳೀಕೆ ಬಿಡೋಕೆ ಪರ್ಮಿಷನ್ ಇಲ್ಲಮ್ಮಾ. ಇನ್ನೇನ್ ಶಿಫ್ಟ್ ಬಿಡೋ ಟೈಮು. ದೂರದಿಂದ ಬಂದೀರಾ? ಕೂತ್ಕಳಿ."

ತನ್ನ ಕುರ್ಚಿಯನ್ನೇ ತಂದು, ಅದರ ಮೇಲಿನ ನೀರನ್ನು ಕೈಯಿಂದ ಒರೆಸಿ, ಗೇಟಿನ ಚಾವಣಿಯ ಕೆಳಗೆ ಹಾಕಿದ. ಅಕ್ಕ ಕುಳಿತಳು. ನಾನು ಪಕ್ಕದಲ್ಲಿ ನಿಂತೆ. ಅವಳು ಚಪ್ಪಲಿ ಕಳಚಿ, ಬರಿಯ ಅಂಗಾಲನ್ನು ಒದ್ದೆ ಸಿಮೆಂಟಿನ ಮೇಲೆ ಊರಿದಳು. ಚಳಿಗೆ ಬೆರಳುಗಳು ಮುದುಡಿದವು, ತೆಗೆಯಲಿಲ್ಲ.

ಗಂಟೆ ಹೊಡೆಯಿತು. ಶೆಡ್ಡಿನ ಬಾಗಿಲು ತೆರೆದು ಹುಡುಗಿಯರು ಹೊರಬಂದರು. ಕೊರಳಲ್ಲಿ ಗುರುತಿನ ಚೀಟಿ, ತಲೆಯ ಮೇಲೆ ದುಪ್ಪಟ್ಟಾ, ಕೈಯಲ್ಲಿ ಖಾಲಿ ಡಬ್ಬಿ. ಕನ್ನಡ, ತೆಲುಗು, ಹಿಂದಿ, ನನಗೆ ತಿಳಿಯದ ಇನ್ನಾವುದೋ ಮಾತು. ತುಂತುರಿಗೆ ಕಿರುಚಿಕೊಂಡು ಹೊರಗೆ ನಿಂತ ವ್ಯಾನುಗಳತ್ತ ಓಡುತ್ತಿದ್ದರು. ಅಕ್ಕ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಬದುಕಿದ್ದರೆ ರೇವತಿ ಇವರಿಗೆಲ್ಲ ತಾಯಿಯ ವಯಸ್ಸಿನವಳು. ಅದು ಅಕ್ಕನಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ನೋಡಿದಳು. ಅವಳ ನೋಟ ತಾಗಿ ಕೆಲವರು ನಕ್ಕರು. ಒಬ್ಬಳು "ಯಾರ್ ಬೇಕಿತ್ತಜ್ಜಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ವ್ಯಾನು ಹೊರಡುತ್ತಿದೆಯೆಂದು ಓಡಿದಳು.

ಕೊನೆಯವಳು ಹೊರಬಂದ ಮೇಲೆ ಬಾಗಿಲು ಎಳೆದರು. ವ್ಯಾನುಗಳು ಹೋದವು. ಅಂಗಳ ಖಾಲಿಯಾಯಿತು. ಸೆಕ್ಯೂರಿಟಿಯವನು ಗೇಟಿನ ಒಂದು ಕದ ದೂಡುತ್ತಾ ನಮ್ಮತ್ತ ತಿರುಗಿದ.

"ನಿಮ್ ಮಗಳು ಬರ್ಲಿಲ್ವೇನಮ್ಮಾ?"

ಅಕ್ಕ ಚಪ್ಪಲಿ ಮೆಟ್ಟಿಕೊಂಡು ಎದ್ದು ನಿಂತಳು. ನನ್ನ ಕೈ ಹಿಡಿಯಲಿಲ್ಲ.

"ಇಲ್ಲಪ್ಪ. ಅವಳು ಇಲ್ಲೇ ಇರುವವಳು."

"ಓ, ಹಿಂದ್ಗಡೆ ಹಾಸ್ಟೆಲಲ್ಲಾ? ಹಂಗಾದ್ರೆ ಇವತ್ತು ಆಚೆ ಬರಲ್ಲ ಬಿಡಿ, ಮಳೆ ಬೇರೆ." ಅವನು ಕುರ್ಚಿ ಎತ್ತಿಕೊಂಡ. "ನೀವೇನೂ ಯೋಚ್ನೆ ಮಾಡ್ಬೇಡಿ. ನಾನು ಇರ್ತೀನಿ ಇಲ್ಲಿ. ಎಲ್ರೂ ನಮ್ ಮಕ್ಳಿದ್ದಂಗೆ."

ಅಕ್ಕ ಅವನಿಗೆ ಕೈಮುಗಿದಳು. ಅವನು ಗಲಿಬಿಲಿಗೊಂಡು, ಕುರ್ಚಿಯನ್ನು ಕೆಳಗಿಟ್ಟು, ತಾನೂ ಕೈಮುಗಿದ.